ಮಾರ್ಕ್ 5 ಮತ್ತು 109 ಜೋಡಿ: ಹಳೆಯ ರೆಗ್ಯುಲೇಟರ್ ಒಂದರ ವಿಮರ್ಶೆ, ಸರ್ವಿಸ್ ಲೆಕ್ಕದ ಸಮೇತ

ಸ್ಕೂಬಾಪ್ರೊ ಕಂಪನಿಯ ಮಾರ್ಕ್ 5 ಫಸ್ಟ್ ಸ್ಟೇಜ್ ಮತ್ತು ಅದಕ್ಕೆ ಜೊತೆಯಾಗಿ ಬಂದ 109 ಅಡ್ಜಸ್ಟಬಲ್ ಸೆಕೆಂಡ್ ಸ್ಟೇಜ್, 1970ರ ದಶಕದಲ್ಲಿ ಡೈವಿಂಗ್ ಮಾಡಿದವರಿಗೆ ಪರಿಚಯ ಹೇಳಬೇಕಾದ ಸಾಮಾನಲ್ಲ. ರೆಗ್ಯುಲೇಟರ್ ಎಂದರೆ ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ನೀರಿನಡಿ ಉಸಿರಾಡಲು ಕೊಡುವ ಸಾಧನ: ಸಿಲಿಂಡರಿಗೆ ಕೂರುವ ಭಾಗ ಫಸ್ಟ್ ಸ್ಟೇಜ್, ಬಾಯಲ್ಲಿಡುವುದು ಸೆಕೆಂಡ್ ಸ್ಟೇಜ್. ಅರ್ಧ ಶತಮಾನ ಕಳೆದರೂ ಹಳೆಯ ಸಲಕರಣೆಗಳ ಮಾರಾಟದಲ್ಲಿ ಇವು ಸಿಗುತ್ತಲೇ ಇವೆ, ಸಿಕ್ಕವು ಬಹುಪಾಲು ಸರಿಪಡಿಸಿಕೊಳ್ಳುವ ಸ್ಥಿತಿಯಲ್ಲೇ ಇರುತ್ತವೆ. ಸರಿಯಾಗಿ ಹೊಂದಿಸಿದ ಒಂದು ಜೋಡಿಯಲ್ಲಿ ಉಸಿರೆಳೆದರೆ ಇಂದಿನ ಮಧ್ಯಮ ದರ್ಜೆಯ ಹೊಸ ರೆಗ್ಯುಲೇಟರ್‌ಗಿಂತ ಅದು ಹಿಂದುಳಿದಿದೆ ಎಂದು ಹೇಳುವುದು ಕಷ್ಟ. ಈ ಸಂಗತಿಯನ್ನು ಬೇರೆಯವರು ಸಾಕಷ್ಟು ಬಾರಿ ಹೇಳಿದ್ದಾರೆ. ಕೊಳ್ಳುವವರಿಗೆ ನಿಜವಾಗಿ ಬೇಕಾದ, ಆದರೆ ಸ್ಪಷ್ಟ ಉತ್ತರ ಸಿಗದ ಪ್ರಶ್ನೆ ಮತ್ತೊಂದಿದೆ: ಇಂಥ ಹಳೆಯ ಯಂತ್ರವನ್ನು ಎಷ್ಟು ಸಮಯಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಬೇಕು? ಈ ವಿಮರ್ಶೆಯನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಜೋಡಿಯನ್ನು ಪದೇ ಪದೇ ಪರೀಕ್ಷಿಸಬೇಕು, ಅಪರೂಪಕ್ಕೆ ಮಾತ್ರ ಬಿಚ್ಚಬೇಕು. ಯಾವಾಗ ಬಿಚ್ಚಬೇಕೆಂಬುದನ್ನು ಗೋಡೆಯ ಕ್ಯಾಲೆಂಡರ್‌ಗಿಂತ ಒತ್ತಡದ ಗೇಜ್ ಚೆನ್ನಾಗಿ ಹೇಳುತ್ತದೆ.

ಇದು ಅರ್ಥವಾಗಬೇಕಾದರೆ ಮಾರ್ಕ್ 5ರ ಒಳಗೇನಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಸಿಲಿಂಡರಿನಿಂದ 200 ಬಾರ್‌ನಷ್ಟು ಒತ್ತಡದಲ್ಲಿ ಬರುವ ಗಾಳಿಯನ್ನು ಫಸ್ಟ್ ಸ್ಟೇಜ್ ಸುಮಾರು 9 ಬಾರ್‌ಗೆ ಇಳಿಸಿ ಹೋಸ್‌ಗೆ ಕಳುಹಿಸುತ್ತದೆ. ಈ ಕೆಲಸ ಮಾಡುವುದು ಒಂದೇ ಒಂದು ಚಲಿಸುವ ಭಾಗ, ಉದ್ದನೆಯ ಟೊಳ್ಳು ಕಾಂಡವಿರುವ ಪಿಸ್ಟನ್. ಅದರ ಕಾಂಡದ ತುದಿಯ ತೆಳುವಾದ ಅಂಚು ಎದುರಿಗಿರುವ ಪ್ಲಾಸ್ಟಿಕ್ ಸೀಟಿಗೆ ಒತ್ತಿದಾಗ ಗಾಳಿ ನಿಲ್ಲುತ್ತದೆ, ಉಸಿರೆಳೆದು ಒಳಗಿನ ಒತ್ತಡ ಇಳಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ದಾರಿ ಬಿಡುತ್ತದೆ. ಸಿಲಿಂಡರಿನ ಒತ್ತಡ ಪಿಸ್ಟನ್ನನ್ನು ತೆರೆಯುವ ಕಡೆಗಾಗಲಿ ಮುಚ್ಚುವ ಕಡೆಗಾಗಲಿ ತಳ್ಳದಂತೆ ಇದನ್ನು ರೂಪಿಸಿರುವುದರಿಂದ, ಸಿಲಿಂಡರ್ ಖಾಲಿಯಾಗುತ್ತ ಬಂದರೂ ಉಸಿರಾಟ ಭಾರವಾಗುವುದಿಲ್ಲ. ಇದನ್ನೇ ಬ್ಯಾಲೆನ್ಸ್ಡ್ ಎನ್ನುವುದು.

ಸ್ಪ್ರಿಂಗ್ ಇರುವ ಕೋಣೆಯ ಸುತ್ತ ರಂಧ್ರಗಳಿವೆ, ಆಳ ಹೆಚ್ಚಿದಂತೆ ಹೊರಗಿನ ಒತ್ತಡ ಪಿಸ್ಟನ್‌ಗೆ ತಿಳಿಯಲೆಂದು ಸಮುದ್ರದ ನೀರು ನೇರವಾಗಿ ಅಲ್ಲಿಗೆ ನುಗ್ಗುತ್ತದೆ. ಆ ನೀರಿಗೂ ಗಾಳಿಗೂ ನಡುವೆ ತಡೆಯಾಗಿರುವುದು ಎರಡೇ ಓ-ರಿಂಗ್‌ಗಳು (ರಬ್ಬರಿನ ಉಂಗುರಗಳು): ಕಾಂಡದ ಮೇಲಿನ ಚಿಕ್ಕದು, ತಲೆಯ ಮೇಲಿನ ದೊಡ್ಡದು. ಪ್ರತಿ ಉಸಿರಿಗೂ ಪಿಸ್ಟನ್ ಅಲುಗುತ್ತದೆ, ಆ ಎರಡು ರಿಂಗ್‌ಗಳು ಉಪ್ಪುನೀರಿನ ಅಂಚಿನಲ್ಲೇ ಉಜ್ಜುತ್ತಿರುತ್ತವೆ. ನೀರು ಒಣಗಿದರೆ ಉಪ್ಪಿನ ಹರಳು ಅಲ್ಲೇ ಕೂರುತ್ತದೆ, ಹರಳು ಕೂತ ಕಡೆ ರಿಂಗ್ ಸವೆಯುತ್ತದೆ, ಲೋಹದ ಲೇಪಕ್ಕೂ ಗೀರು ಬೀಳುತ್ತದೆ. ಮಾರ್ಕ್ 5ರ ನಿರ್ವಹಣೆಯ ಕಥೆಯೆಲ್ಲ ಹೆಚ್ಚುಕಡಿಮೆ ಈ ಒಂದು ಕೋಣೆಯ ಕಥೆ. ಪ್ರತಿ ಡೈವ್ ಆದ ಮೇಲೆ, ಸಿಲಿಂಡರಿಗೆ ಜೋಡಿಸಿ ಒತ್ತಡ ಕೊಟ್ಟ ಸ್ಥಿತಿಯಲ್ಲೇ, ಸಿಹಿನೀರಿನಲ್ಲಿ ಸಾಕಷ್ಟು ಹೊತ್ತು ಮುಳುಗಿಸಿಟ್ಟು, ರಂಧ್ರಗಳ ಮೂಲಕ ನೀರು ಹಾಯಿಸಿ ತೊಳೆಯುವವರ ರೆಗ್ಯುಲೇಟರ್ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ. ನಲ್ಲಿಯ ಕೆಳಗೆ ಒಮ್ಮೆ ಹಿಡಿದು ಚೀಲಕ್ಕೆ ತುರುಕುವವರ ರೆಗ್ಯುಲೇಟರ್ ಒಂದೇ ಋತುವಿನಲ್ಲಿ ಆ ರಂಧ್ರಗಳಿಂದ ಸಣ್ಣ ಗುಳ್ಳೆಗಳನ್ನು ಬಿಡಲು ಶುರುಮಾಡುತ್ತದೆ. ಎರಡಕ್ಕೂ ಒಂದೇ ಸರ್ವಿಸ್ ಅವಧಿಯನ್ನು ಹೇಳುವುದರಲ್ಲಿ ಯಾವ ಅರ್ಥವೂ ಇಲ್ಲ.

ಹಾಗಿದ್ದರೂ ವರ್ಷಕ್ಕೊಮ್ಮೆ ಎಂಬ ನಿಯಮ ಬಹುಕಾಲ ನಡೆದುಬಂದಿದೆ. ಇಂದು ಸ್ಕೂಬಾಪ್ರೊ ಸೇರಿದಂತೆ ಕೆಲವು ತಯಾರಕರು ತಮ್ಮ ಹೊಸ ಮಾದರಿಗಳಿಗೆ ಎರಡು ವರ್ಷ ಅಥವಾ 100 ಡೈವ್, ಯಾವುದು ಮೊದಲೋ ಅದು, ಎಂದು ಅವಧಿಯನ್ನು ಸಡಿಲಿಸಿದ್ದಾರೆ. ಹಳೆಯ ಮಾದರಿಗಳಿಗೂ ಅದನ್ನೇ ಅನ್ವಯಿಸಬಹುದೇ ಎಂದು ಕೇಳಿದರೆ, ಸಮುದ್ರದಲ್ಲಿ ಬಳಸುವ ಮಾರ್ಕ್ 5ಕ್ಕೆ ಮೇಲಿನ ಮಿತಿಯಾಗಿ ಒಪ್ಪಬಹುದು ಎನ್ನುತ್ತೇನೆ. ವಾರ್ಷಿಕ ನಿಯಮ ಹುಟ್ಟಿದ್ದು ತನ್ನ ರೆಗ್ಯುಲೇಟರನ್ನು ತಾನು ಎಂದೂ ಪರೀಕ್ಷಿಸದ ಬಳಕೆದಾರನನ್ನು ಮನಸ್ಸಿನಲ್ಲಿಟ್ಟುಕೊಂಡು, ಅವನಿಗೆ ಅದು ಇಂದಿಗೂ ಸರಿಯಾದ ನಿಯಮವೇ. ಹಳೆಯ ರೆಗ್ಯುಲೇಟರ್ ಇಟ್ಟುಕೊಳ್ಳುವವರು ಮಾತ್ರ ಸಾಮಾನ್ಯವಾಗಿ ಆ ಜಾತಿಯವರಲ್ಲ.

ಪರೀಕ್ಷಿಸುವುದೆಂದರೆ ಏನು? ಮಧ್ಯಂತರ ಒತ್ತಡವನ್ನು, ಅಂದರೆ ಹೋಸ್‌ನಲ್ಲಿರುವ ಆ ಸುಮಾರು 9 ಬಾರ್ ಒತ್ತಡವನ್ನು, ತೋರಿಸುವ ಒಂದು ಸಣ್ಣ ಗೇಜ್ ಬೇಕು, ಅಷ್ಟೇ. ಅದನ್ನು ಮಾರ್ಕ್ 5ರಲ್ಲಿ ಹೋಸ್‌ಗಳು ಕೂರುವ ತಿರುಗುವ ಗೋಪುರದಲ್ಲಿ ಖಾಲಿಯಿರುವ ಕಡಿಮೆ ಒತ್ತಡದ ಪೋರ್ಟ್‌ಗೆ, ಇಲ್ಲವೇ ತೇಲುವಿಕೆ ಹೊಂದಿಸುವ ಜಾಕೆಟ್‌ಗೆ (ಬಿ.ಸಿ.) ಗಾಳಿ ತುಂಬುವ ಇನ್‌ಫ್ಲೇಟರ್ ಹೋಸ್‌ನ ತುದಿಗೆ ಜೋಡಿಸಿ ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತೆರೆಯಬೇಕು. ಮುಳ್ಳು 8.6ರಿಂದ 10 ಬಾರ್ ನಡುವೆ, ಅಂದರೆ ಹಳೆಯ ಗೇಜ್‌ಗಳ ಲೆಕ್ಕದಲ್ಲಿ 125ರಿಂದ 145 ಪಿಎಸ್‌ಐ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು. ಎಲ್ಲಿ ನಿಂತಿತು ಎನ್ನುವುದಕ್ಕಿಂತ ಹೇಗೆ ನಿಂತಿತು ಎನ್ನುವುದನ್ನು ನೋಡಬೇಕು. ಸೆಕೆಂಡ್ ಸ್ಟೇಜ್‌ನ ಮುಖದ ಮೇಲಿರುವ, ಗಾಳಿ ಹೊರಬಿಡುವ ಪರ್ಜ್ ಗುಂಡಿಯನ್ನು ಮೆಲ್ಲಗೆ ಒತ್ತಿ ಬಿಡಿ. ಮುಳ್ಳು ಕೆಳಗೆ ಬಿದ್ದು, ತಕ್ಷಣ ಮೇಲೆದ್ದು, ಗೋಡೆಗೆ ತಾಗಿದಂತೆ ಥಟ್ಟನೆ ನಿಂತರೆ ಪಿಸ್ಟನ್ನಿನ ಅಂಚೂ ಸೀಟೂ ಚೆನ್ನಾಗಿವೆ ಎಂದರ್ಥ. ಮೇಲೆದ್ದ ಮುಳ್ಳು ನಿಲ್ಲಬೇಕಾದ ಕಡೆ ನಿಲ್ಲದೆ, ಕಣ್ಣಿಗೆ ಕಂಡೂ ಕಾಣದಂತೆ ತೆವಳುತ್ತ ಮೇಲೇರತೊಡಗಿದರೆ ಸೀಟ್ ಗಾಳಿಯನ್ನು ಪೂರ್ತಿ ತಡೆಯುತ್ತಿಲ್ಲ. ಐದು ನಿಮಿಷ ಬಿಟ್ಟು ನೋಡಿದಾಗ ಮೂರನೇ ಒಂದು ಬಾರ್‌ಗಿಂತ ಹೆಚ್ಚು ಏರಿದ್ದರೆ ಬಿಚ್ಚುವ ಸಮಯ ಬಂದಿದೆ ಎಂದು ನಾನು ತೀರ್ಮಾನಿಸುತ್ತೇನೆ. ಈ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನಲ್ಲೊಮ್ಮೆ, 50 ಬಾರ್‌ಗಿಂತ ಕಡಿಮೆಯಿರುವ ಸಿಲಿಂಡರಿನಲ್ಲೊಮ್ಮೆ ಮಾಡಬೇಕು. ಬ್ಯಾಲೆನ್ಸ್ಡ್ ಯಂತ್ರದಲ್ಲಿ ಎರಡೂ ಸಲ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ.

ಈ ತೆವಳಿಕೆಯನ್ನು ಲಘುವಾಗಿ ಕಾಣಬಾರದು. ಫಸ್ಟ್ ಸ್ಟೇಜ್ ತಡೆಯಲಾಗದ ಗಾಳಿ ಹೋಸ್‌ನಲ್ಲಿ ಸೇರುತ್ತ ಹೋಗಿ, ಕೊನೆಗೆ ಸೆಕೆಂಡ್ ಸ್ಟೇಜ್‌ನ ಕವಾಟವನ್ನು ದೂಡಿಕೊಂಡು ಹೊರಬರುತ್ತದೆ. ಬಾಯಿಯ ಬಳಿ ಸೋರುತ್ತಿದೆ ಎಂದು ಸೆಕೆಂಡ್ ಸ್ಟೇಜ್ ಅನ್ನು ಬಿಗಿಮಾಡುತ್ತ ಹೋಗುವವರು ಬಹಳ ಮಂದಿ; ರೋಗವಿರುವುದು ಹೋಸ್‌ನ ಇನ್ನೊಂದು ತುದಿಯಲ್ಲಿ. ಗೇಜ್ ಇದ್ದವರಿಗೆ ಈ ಗೊಂದಲವಿಲ್ಲ.

ಇನ್ನು 109ರ ಮಾತು. ಹೊರಕವಚವೂ ಒಳಗಿನ ನಳಿಗೆಯೂ ಕ್ರೋಮ್ ಲೇಪಿತ ಹಿತ್ತಾಳೆಯವು, ಪಕ್ಕದಲ್ಲಿ ಸ್ಪ್ರಿಂಗಿನ ಬಿಗಿತ ಹೊಂದಿಸುವ ತಿರುಗುಗುಂಡಿ. ಇದರ ಮೂಲ ರೂಪದ ಕವಾಟ ಬ್ಯಾಲೆನ್ಸ್ಡ್ ಅಲ್ಲ. ನಂತರ ಬಂದ ಬ್ಯಾಲೆನ್ಸ್ಡ್ ಮಾದರಿಯ ಒಳಭಾಗಗಳನ್ನು ಅದೇ ನಳಿಗೆಗೆ ಹಾಕಿ ಮೇಲ್ದರ್ಜೆಗೇರಿಸಿದ 109ಗಳು ಬಹಳಷ್ಟಿವೆ, ಕೊಳ್ಳುವಾಗ ಎರಡರಲ್ಲಿ ಯಾವುದೆಂದು ಕೇಳಿಕೊಳ್ಳುವುದು ಒಳ್ಳೆಯದು. ಸರ್ವಿಸ್ ಲೆಕ್ಕದಲ್ಲಿ ಸೆಕೆಂಡ್ ಸ್ಟೇಜ್‌ಗೆ ಒಂದು ವಿಚಿತ್ರ ಗುಣವಿದೆ: ಅದು ಬಳಸುವಾಗ ಸವೆಯುವುದಕ್ಕಿಂತ ಸುಮ್ಮನೆ ಇಟ್ಟಾಗ ಹೆಚ್ಚು ಕೆಡುತ್ತದೆ. ಒತ್ತಡವಿಲ್ಲದಾಗ ಫಸ್ಟ್ ಸ್ಟೇಜ್‌ನ ಪಿಸ್ಟನ್ ಸೀಟಿನಿಂದ ದೂರ ಸರಿದಿರುತ್ತದೆ, ಆದ್ದರಿಂದ ಕಪಾಟಿನಲ್ಲಿ ಅದಕ್ಕೆ ಯಾವ ಹಿಂಸೆಯೂ ಇಲ್ಲ. ಸೆಕೆಂಡ್ ಸ್ಟೇಜ್‌ನಲ್ಲಿ ನಡೆಯುವುದು ಇದರ ತಿರುವುಮುರುವು: ಎದುರು ತಳ್ಳುವ ಗಾಳಿ ಇಲ್ಲದಿರುವುದರಿಂದ ಸ್ಪ್ರಿಂಗ್ ತನ್ನ ಪೂರ್ತಿ ಬಲದಿಂದ ಮೆತ್ತನೆಯ ಸೀಟನ್ನು ಲೋಹದ ಅಂಚಿಗೆ ಒತ್ತಿಹಿಡಿದಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಹುಕಾಲ ಇಟ್ಟಿದ್ದ ಸೀಟಿನ ಮೇಲೆ ನಾಣ್ಯದ ಮುದ್ರೆಯಷ್ಟು ಸ್ಪಷ್ಟವಾದ ಉಂಗುರದ ಗುರುತು ಕಾಣುತ್ತದೆ. ಗುರುತು ತೆಳುವಾಗಿ, ಸುತ್ತಲೂ ಸಮನಾಗಿದ್ದರೆ ಚಿಂತೆಯಿಲ್ಲ. ಒಂದು ಕಡೆ ಆಳವಾಗಿದ್ದರೆ ಅಥವಾ ಎರಡು ಉಂಗುರಗಳು ಒಂದರ ಮೇಲೊಂದು ಬಿದ್ದಿದ್ದರೆ ಅಲ್ಲಿಂದ ಸೋರಿಕೆ ಶುರುವಾಗುತ್ತದೆ.

109ರ ಗುಂಡಿ ಇಲ್ಲಿ ವರವಾಗಿ ಬರುತ್ತದೆ. ಎತ್ತಿಡುವಾಗ ಅದನ್ನು ಪೂರ್ತಿ ಹೊರಕ್ಕೆ ತಿರುಗಿಸಿದರೆ ಸ್ಪ್ರಿಂಗಿನ ಭಾರ ಇಳಿದು ಸೀಟ್ ಬಹುಕಾಲ ಬಾಳುತ್ತದೆ. ಆದರೆ ತೊಳೆಯುವಾಗ, ಅದರಲ್ಲೂ ಒತ್ತಡವಿಲ್ಲದೆ ನೆನೆಹಾಕುವಾಗ, ಅದೇ ಗುಂಡಿಯನ್ನು ಒಳಕ್ಕೆ ತಿರುಗಿಸಿ ಬಿಗಿಮಾಡಿರಬೇಕು. ಸಡಿಲವಾಗಿದ್ದರೆ ನೀರು ಕವಾಟವನ್ನು ದಾಟಿ ಹೋಸ್ ಮೂಲಕ ಫಸ್ಟ್ ಸ್ಟೇಜ್‌ವರೆಗೂ ಹೋಗಬಹುದು. ಈ ಎರಡು ಅಭ್ಯಾಸಗಳಿಂದ ಎಷ್ಟೋ ಸೆಕೆಂಡ್ ಸ್ಟೇಜ್‌ಗಳ ಸರ್ವಿಸ್ ಅವಧಿ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ನೆನೆಯುವಾಗ ಪರ್ಜ್ ಗುಂಡಿಯನ್ನು ಒತ್ತಬಾರದೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಕವಾಟ ಎಷ್ಟು ಸುಲಭವಾಗಿ ತೆರೆಯುತ್ತದೆ ಎಂದು ಅಳೆಯಲು ಅಗಲವಾದ ನೀರಿನ ಪಾತ್ರೆ ಸಾಕು. ಒತ್ತಡ ಕೊಟ್ಟ ಸೆಕೆಂಡ್ ಸ್ಟೇಜ್ ಅನ್ನು ಮೌತ್‌ಪೀಸ್ ಮೇಲ್ಮುಖವಾಗಿ ಹಿಡಿದು, ಡಯಾಫ್ರಮ್ (ರಬ್ಬರಿನ ಪೊರೆ) ಇರುವ ಮುಖವನ್ನು ನಿಧಾನವಾಗಿ ನೀರಿಗಿಳಿಸಬೇಕು. ಡಯಾಫ್ರಮ್ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಮುಳುಗಿದಾಗ ಸುಯ್ಯೆಂದು ಗಾಳಿ ಹೊರಡಬೇಕು. ಆರು ಸೆಂಟಿಮೀಟರ್ ಮುಳುಗಿದರೂ ಸದ್ದಿಲ್ಲವೆಂದರೆ ಹೊಂದಾಣಿಕೆ ತಪ್ಪಿದೆ, ಅಥವಾ ಸೀಟ್ ಗಟ್ಟಿಯಾಗಿದೆ. ಕೊನೆಯದಾಗಿ ಸಿಲಿಂಡರಿನಿಂದ ಬಿಡಿಸಿ, ಧೂಳು ಮುಚ್ಚಳ ಹಾಕಿ, ಮೌತ್‌ಪೀಸ್‌ನಿಂದ ಗಾಳಿ ಎಳೆಯಬೇಕು. ಒಳಗೆ ನಿರ್ವಾತ ನಿಂತರೆ ಡಯಾಫ್ರಮ್, ಹೊರಉಸಿರಿನ ಕವಾಟ, ಮೌತ್‌ಪೀಸ್ ಮೂರೂ ಹರಿದಿಲ್ಲ. ಈ ಎಳೆಯುವ ಪರೀಕ್ಷೆಯನ್ನು ನೀರಿಗಿಳಿಯುವ ಪ್ರತಿ ದಿನವೂ, ಗೇಜ್ ಮತ್ತು ನೀರಿನ ಪರೀಕ್ಷೆಗಳನ್ನು ಎರಡು ಮೂರು ತಿಂಗಳಿಗೊಮ್ಮೆಯೂ ಮಾಡಿ, ಅಂಕಿಗಳನ್ನು ದಿನಾಂಕದೊಡನೆ ಬರೆದಿಡುವವರಿಗೆ ಈ ಜೋಡಿಯ ಬಗ್ಗೆ ಯಾವ ವರ್ಕ್‌ಶಾಪಿಗಿಂತಲೂ ಹೆಚ್ಚು ಗೊತ್ತಿರುತ್ತದೆ.

ಇಷ್ಟೆಲ್ಲ ಆದಮೇಲೆ ಅವಧಿ. ಸಮುದ್ರದಲ್ಲಿ ನಿಯಮಿತವಾಗಿ ಬಳಸುವ ಮಾರ್ಕ್ 5ಕ್ಕೆ, ಪರೀಕ್ಷೆಗಳೆಲ್ಲ ತೇರ್ಗಡೆಯಾಗುತ್ತಿದ್ದರೂ, ಎರಡು ವರ್ಷಕ್ಕೊಮ್ಮೆ ಪಿಸ್ಟನ್ ಹೊರತೆಗೆದು ಎರಡು ಓ-ರಿಂಗ್‌ಗಳನ್ನು ಬದಲಿಸುವುದು ನ್ಯಾಯ. ಸಿಹಿನೀರಿನ ಕೆರೆ, ಹಳ್ಳ, ಕ್ವಾರಿಗಳಲ್ಲಿ ಮಾತ್ರ ಬಳಸುವವರು ಇದನ್ನು ಮೂರು ವರ್ಷಕ್ಕೆ, ಗೇಜ್ ಒಪ್ಪಿದರೆ ನಾಲ್ಕಕ್ಕೂ ಎಳೆಯಬಹುದು. ಈಜುಕೊಳದಲ್ಲಿ ತರಬೇತಿಗೆ ಬಳಸುವವರು ಮಾತ್ರ ವರ್ಷಕ್ಕೊಮ್ಮೆ ಬಿಚ್ಚಲೇಬೇಕು, ಏಕೆಂದರೆ ಕ್ಲೋರಿನ್ ರಬ್ಬರಿನ ಭಾಗಗಳನ್ನು ಬೇಗ ಮುದಿಯಾಗಿಸುತ್ತದೆ, ತರಬೇತಿಯಲ್ಲಿ ಕವಾಟ ತೆರೆದು ಮುಚ್ಚುವ ಲೆಕ್ಕವೂ ಹೆಚ್ಚು. ವರ್ಷಕ್ಕೂ ಮೀರಿ ಮುಟ್ಟದೆ ಇಟ್ಟಿದ್ದ ಜೋಡಿಯಾದರೆ ಹಿಂದಿನ ಸರ್ವಿಸ್ ಯಾವಾಗ ಆಗಿತ್ತೆಂಬುದು ಗೌಣ, ಪರೀಕ್ಷೆಗಳನ್ನು ಮೊದಲಿನಿಂದ ಮಾಡಿಯೇ ನೀರಿಗಿಳಿಸಬೇಕು. ಹಿಂದಿನ ಒಡೆಯ ಹೇಗೆ ಬಳಸಿದ್ದನೆಂದು ಗೊತ್ತಿಲ್ಲದ, ಹೊಸದಾಗಿ ಕೊಂಡ ಹಳೆಯ ರೆಗ್ಯುಲೇಟರಿಗೆ ಈ ಯಾವ ರಿಯಾಯಿತಿಯೂ ಇಲ್ಲ. ಗೇಜ್ ಎಷ್ಟೇ ಚೆನ್ನಾಗಿ ನಿಂತರೂ ಮೊದಲು ಪೂರ್ತಿ ಬಿಚ್ಚಿ, ಮೆತ್ತಗಿನ ಭಾಗಗಳನ್ನೆಲ್ಲ ಎಸೆದು, ಹೋಸನ್ನೂ ಬದಲಿಸಿಯೇ ಮುಂದಿನ ಮಾತು.

ಅಷ್ಟಾಗಿಯೂ ಬಿಚ್ಚುವುದನ್ನು ತಡಮಾಡಬೇಕೆಂದು ಹೇಳುತ್ತಿರುವುದಕ್ಕೆ ಕಾರಣವಿದೆ. ರೆಗ್ಯುಲೇಟರ್ ಕೈಕೊಡುವ ಸಾಧ್ಯತೆ ಸರ್ವಿಸ್ ಆದ ಹೊಸತರಲ್ಲಿ ಕಡಿಮೆಯೇನೂ ಅಲ್ಲ. ಹೊಸ ಸೀಟ್ ಪಿಸ್ಟನ್ನಿನ ಅಂಚಿಗೆ ಒಗ್ಗಿಕೊಳ್ಳುವವರೆಗೆ ಒತ್ತಡ ಸ್ವಲ್ಪ ಮೇಲೇರುತ್ತದೆ, ಹತ್ತಾರು ಬಾರಿ ಪರ್ಜ್ ಒತ್ತಿ ಅಂಚು ಕೂತ ಮೇಲೆ ಮತ್ತೊಮ್ಮೆ ಅಳೆಯಬೇಕು. ಅವಸರದ ಮೆಕ್ಯಾನಿಕ್ ಅಷ್ಟು ಹೊತ್ತು ಕಾಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಗೀರಿನದು. ನನ್ನ ಒಂದು ಮಾರ್ಕ್ 5, ಏನೂ ತೊಂದರೆಯಿಲ್ಲದೆ ಬರೀ ವಾರ್ಷಿಕ ಸರ್ವಿಸ್‌ಗೆಂದು ಹೋಗಿ ಬಂದ ಮೇಲೆ ತೆವಳತೊಡಗಿತು. ತೆರೆದು ನೋಡಿದರೆ ಪಿಸ್ಟನ್ನಿನ ಅಂಚಿನ ಮೇಲೆ ಕೂದಲೆಳೆಯಂಥ ಒಂದು ಅಡ್ಡಗೀರು, ಉಕ್ಕಿನ ಸೂಜಿಯಿಂದ ಓ-ರಿಂಗ್ ಕೆದಕಿ ತೆಗೆದಾಗ ಬಿದ್ದಂಥದ್ದು. ಓ-ರಿಂಗನ್ನು ಮತ್ತೆ ತರಬಹುದು, ಕೆಟ್ಟ ಪಿಸ್ಟನ್‌ಗೆ ಬದಲಿ ಹುಡುಕುವುದು ಹಳೆಯ ಮಾದರಿಗಳಲ್ಲಿ ಅಷ್ಟು ಸಲೀಸಲ್ಲ. ಕೆಲಸಕ್ಕೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಕೊಕ್ಕೆ ಬಳಸುತ್ತೀರಾ ಎಂದು ಕೊಡುವ ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. 109ರ ಒಳಗಿನ ಗಾಳಿರಂಧ್ರದ ತುಂಡನ್ನು ತಿರುಗಿಸಿ ಹೊಂದಿಸುವಾಗಲೂ ಹೀಗೆಯೇ: ಪರ್ಜ್ ಒತ್ತಿಹಿಡಿದು ಸೀಟನ್ನು ದೂರ ಸರಿಸಿಕೊಳ್ಳದೆ ತಿರುಗಿಸಿದರೆ ಲೋಹದ ಅಂಚು ಹೊಸ ಸೀಟನ್ನೇ ಕೊರೆದುಬಿಡುತ್ತದೆ.

ಶುಚಿ ಮಾಡುವುದರಲ್ಲೂ ಅತಿ ಉತ್ಸಾಹ ಕೆಟ್ಟದ್ದು. ಹಿತ್ತಾಳೆಯ ಮೇಲಿನ ಹಸಿರು ಕಿಲುಬನ್ನು ತೆಗೆಯಲು ಬೆಚ್ಚಗಿನ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಕೆಲವು ನಿಮಿಷ ಸಾಕು, ಅಲ್ಟ್ರಾಸಾನಿಕ್ ತೊಟ್ಟಿಯಿದ್ದರೆ ಇನ್ನೂ ಬೇಗ. ರಾತ್ರಿಯಿಡೀ ನೆನೆಹಾಕಿದರೆ ಆಮ್ಲ ಕ್ರೋಮ್ ಲೇಪದ ಬಿರುಕುಗಳೊಳಗೆ ಇಳಿದು, ಹಿತ್ತಾಳೆಯನ್ನು ತಿಂದು, ಲೇಪವನ್ನು ಪೊರೆಪೊರೆಯಾಗಿ ಎಬ್ಬಿಸುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಲೇಪ ಸ್ವಲ್ಪ ಸ್ವಲ್ಪವೇ ಕಳೆಯುತ್ತದೆ ಎಂಬ ಕಾರಣಕ್ಕೂ ಐವತ್ತು ವರ್ಷದ ಲೋಹವನ್ನು ಬೇಕಾದಾಗ ಮಾತ್ರ ಆಮ್ಲಕ್ಕಿಳಿಸುವುದು ಲೇಸು. ಗ್ರೀಸ್‌ನ ವಿಷಯದಲ್ಲಿ ಒಂದೇ ಮಾತು: ನೈಟ್ರೈಲ್ ರಬ್ಬರಿನ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಹೊಳಪು ಬರುವಷ್ಟು ಸಾಕು, ಸಿಲಿಕೋನ್ ರಬ್ಬರಿನ ಡಯಾಫ್ರಮ್‌ಗೆ ಅದನ್ನು ಸೋಕಿಸಬಾರದು, ಉಬ್ಬುತ್ತದೆ. ಓ-ರಿಂಗ್‌ಗಳು ಬಹುತೇಕ ಎಎಸ್ 568 ಎಂಬ ಪ್ರಮಾಣಿತ ಅಳತೆಯವಾದ್ದರಿಂದ ಅವುಗಳ ಕೊರತೆ ಎಂದೂ ಬರದು. ಸೀಟ್ ಮತ್ತು ಕವಾಟಗಳು ಆ ಮಾದರಿಗೇ ಸೀಮಿತ, ಸಿಕ್ಕಾಗ ಒಂದೆರಡು ಹೆಚ್ಚಿಗೆ ಕೊಂಡಿಟ್ಟುಕೊಳ್ಳಬೇಕು.

ಬಿಚ್ಚುವ ಮೊದಲು, ಸಿಲಿಂಡರಿಗೆ ಬಿಗಿಯುವ ಯೋಕ್‌ನ ಬಾಯಲ್ಲಿ ಕಾಣುವ ಚಿಕ್ಕ ಲೋಹದ ಜರಡಿಯನ್ನು ಬೆಳಕಿಗೆ ಹಿಡಿದು ನೋಡಿ. ಹಸಿರಾಗಿದ್ದರೆ ಒಳಗೆ ನೀರು ಹೋಗಿದೆ, ಕೆಂಪಾಗಿದ್ದರೆ ಉಕ್ಕಿನ ಸಿಲಿಂಡರೊಂದರ ತುಕ್ಕು ಬಂದು ಕೂತಿದೆ, ಬೂದಿಬಣ್ಣವಾಗಿದ್ದರೆ ಅಲ್ಯೂಮಿನಿಯಂ ಸಿಲಿಂಡರಿನ ಪುಡಿ. ಮೊದಲೆರಡು ಬಣ್ಣ ಕಂಡರೆ ಅವಧಿಯ ಲೆಕ್ಕವನ್ನೆಲ್ಲ ಬದಿಗಿಟ್ಟು ಕೂಡಲೇ ತೆರೆಯಬೇಕು.

ಹೋಲಿಕೆಗಾಗಿ ಇನ್ನೆರಡು ಹಳಬರ ಮಾತು. ಯುಎಸ್ ಡೈವರ್ಸ್ ಕಂಪನಿಯ ಕಾನ್‌ಶೆಲ್ಫ್ ಮಾದರಿಗಳು ಡಯಾಫ್ರಮ್ ಜಾತಿಯವು. ಫ್ರೆಂಚ್ ಸಮುದ್ರ ಅನ್ವೇಷಕ ಕುಸ್ತೊ 1962, 1963 ಮತ್ತು 1965ರಲ್ಲಿ ಸಮುದ್ರದಡಿಯಲ್ಲಿ ಮನುಷ್ಯರನ್ನು ವಾಸಕ್ಕಿರಿಸಿ ನಡೆಸಿದ ಪ್ರಯೋಗಗಳ ಹೆಸರನ್ನೇ ಇವಕ್ಕೂ ಇಟ್ಟರು. ಇಲ್ಲಿ ನೀರು ಸ್ಪ್ರಿಂಗ್ ಕೋಣೆಯವರೆಗೆ ಬಂದು ದಪ್ಪ ರಬ್ಬರಿನ ಹಾಳೆಯ ಎದುರು ನಿಂತುಬಿಡುತ್ತದೆ, ಉಜ್ಜುವ ಭಾಗಗಳಿಗೆ ಉಪ್ಪು ತಾಗುವುದೇ ಇಲ್ಲ. ಆದ್ದರಿಂದ ಅಸಡ್ಡೆಯ ತೊಳೆತವನ್ನೂ ಕಾನ್‌ಶೆಲ್ಫ್ ಸಹಿಸಿಕೊಳ್ಳುತ್ತದೆ. ಸಮುದ್ರದ ಬಳಕೆಯಲ್ಲೂ ಗೇಜ್ ಒಪ್ಪುವವರೆಗೆ ಮೂರು ವರ್ಷ ಮುಟ್ಟದಿರಬಹುದು. ಗಾಳಿಯ ಹರಿವಿನಲ್ಲಿ ಮಾರ್ಕ್ 5 ಮುಂದು, ತಾಳ್ಮೆಯಲ್ಲಿ ಕಾನ್‌ಶೆಲ್ಫ್ ಮುಂದು.

ಎರಡು ಹೋಸ್‌ಗಳ ರಾಯಲ್ ಆಕ್ವಾಮಾಸ್ಟರ್‌ನಂಥ ಯಂತ್ರಗಳ ಲೆಕ್ಕವೇ ಬೇರೆ. ಕುಸ್ತೊ ಮತ್ತು ಎಂಜಿನಿಯರ್ ಗಾನ್ಯಾನ್ 1943ರಲ್ಲಿ ರೂಪಿಸಿದ ಆಕ್ವಾಲಂಗ್ ಎಂಬ ಉಸಿರಾಟದ ಸಾಧನದ ನೇರ ವಂಶದ ಇವುಗಳಲ್ಲಿ ಲೋಹದ ಭಾಗ ಗಟ್ಟಿಮುಟ್ಟು, ರಬ್ಬರ್ ದುರ್ಬಲ. ಸುಕ್ಕುಸುಕ್ಕಾದ ಹೋಸ್‌ಗಳನ್ನು ಪ್ರತಿ ಋತುವಿನ ಆರಂಭದಲ್ಲಿ ಎಳೆದು ಹಿಡಿದು ಮಡಿಕೆಗಳ ಒಳಬದಿಯಲ್ಲಿ ಬಿರುಕು ಹುಡುಕಬೇಕು, ಬಾತುಕೋಳಿಯ ಕೊಕ್ಕಿನಂಥ ಹೊರಉಸಿರಿನ ಕವಾಟ ಅಂಟಿಕೊಂಡಿದೆಯೇ ನೋಡಬೇಕು. ಒಳಗಿನ ಯಂತ್ರಕ್ಕಿಂತ ಹೊರಗಿನ ರಬ್ಬರಿಗೆ ಗಮನ ಬೇಡುವ ಇಂಥದ್ದನ್ನು ಮೊದಲ ಹಳೆಯ ರೆಗ್ಯುಲೇಟರಾಗಿ ಕೊಳ್ಳಲು ನಾನು ಹೇಳಲಾರೆ. ಜೊತೆಗೆ ಇವುಗಳ ಹಳೆಯ ಯೋಕ್‌ಗಳು 2,250 ಪಿಎಸ್‌ಐ ಸಿಲಿಂಡರ್‌ಗಳು ರೂಢಿಯಲ್ಲಿದ್ದ ಕಾಲದವು. ಯೋಕ್‌ನ ಮೇಲಿನ ಅಂಕಿಯನ್ನು ಓದದೆ ಇಂದಿನ ಹೆಚ್ಚಿನ ಒತ್ತಡದ ಸಿಲಿಂಡರಿಗೆ ಜೋಡಿಸಕೂಡದು. ಮಾರ್ಕ್ 5ರ ಯೋಕ್‌ಗೂ ಈ ಎಚ್ಚರಿಕೆ ಸಲ್ಲುತ್ತದೆ.

ಮಾರ್ಕ್ 5 ಮತ್ತು 109 ಜೋಡಿಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ, ಆದರೆ ಎಲ್ಲರಿಗೂ ಅಲ್ಲ. ಡೈವ್ ಮುಗಿಸಿ ರೆಗ್ಯುಲೇಟರನ್ನು ಬಾಡಿಗೆಯ ತೊಟ್ಟಿಯಲ್ಲಿ ಅದ್ದಿ ಮರೆಯುವವರು ಹೊಸ, ಮುಚ್ಚಿದ ಡಯಾಫ್ರಮ್ ಮಾದರಿಯನ್ನು ಕೊಂಡು ತಯಾರಕರು ಹೇಳಿದ ದಿನಕ್ಕೆ ಸರ್ವಿಸ್‌ಗೆ ಕೊಡುವುದೇ ಸರಿ. ಗೇಜ್ ನೋಡುವುದರಲ್ಲಿ ಆಸಕ್ತಿಯಿರುವವರು ಕೊಳ್ಳುವಾಗ ಮೂರು ವಿಷಯಗಳನ್ನು ಈ ಕ್ರಮದಲ್ಲೇ ನೋಡಲಿ: ಪಿಸ್ಟನ್ನಿನ ಅಂಚು ಉಗುರಿಗೆ ನುಣ್ಣಗೆ ತಾಗುತ್ತದೆಯೇ, ಸ್ಪ್ರಿಂಗ್ ಕೋಣೆಯೊಳಗೆ ಕಾಂಡದ ಓ-ರಿಂಗ್ ಕೂರುವ ಜಾಗದಲ್ಲಿ ಲೋಹ ಗುಳಿಬಿದ್ದಿದೆಯೇ, 109ರ ನಳಿಗೆಗೆ ಎಲ್ಲಾದರೂ ಬಿರುಕಿದೆಯೇ. ಈ ಮೂರು ಸರಿಯಿದ್ದರೆ ಹೊರಗಿನ ಕ್ರೋಮ್ ಎಷ್ಟು ಮಾಸಿದ್ದರೂ ಚೌಕಾಸಿ ಮಾಡಿ ಕೊಳ್ಳಬಹುದು, ಗುಳಿಬಿದ್ದಿದ್ದರೆ ಪುಕ್ಕಟೆ ಕೊಟ್ಟರೂ ಬಿಡಿಭಾಗಕ್ಕೆ ಮಾತ್ರ.